ನಾಡಗೌಡರು ಅಡ್ಡಹೆಸರು ಹಂಚಿದ್ದು

ನಮ್ಮೂರ ಲೈಬ್ರರಿಯ ಗುಮಾಸ್ತೆ ಬಿಡುವಾದಾಗ ಅಂತರ್ಜಾಲದ ವಿಶ್ವಕೋಶಕ್ಕೆ ಸೀಮೆಯ ಅಡ್ಡಹೆಸರುಗಳನ್ನು ಅಕಾರಾದಿಯಾಗಿ ಸೇರಿಸುತ್ತಿದ್ದಳು. ಒಂದು ದಿನ ಬಸವಂತರಾಯ ನಾಡಗೌಡರು ಕೋಲು ಕುಟ್ಟುತ್ತ ಬಂದರು.

“ಏನವಾ ಇದು? ಅಕ್ಕಿ, ಬೆಲ್ಲದ, ಮೆಣಸಿನಕಾಯಿ ಅನ್ನೋರ ಸಾಲಿನ್ಯಾಗ ನಾಡಗೌಡರನ್ನೂ ಕುಂದರಿಸೀದಿ. ನಮ್ಮ ಮನೆತನ ಏನು ಕಿರಾಣಿ ಅಂಗಡಿ ಸಾಮಾನೇನು? ಘನವಂತರದು ಒಂದು ವರ್ಗ ಮಾಡು, ಉಳಿದವರದು ಇನ್ನೊಂದು. ಇಲ್ಲಾಂದ್ರ ನಿಮ್ಮ ಸಾಹೇಬರಿಗೆ ಹೇಳತೀನಿ.”

ಗುಮಾಸ್ತೆ ವಾದ ಮಾಡಲಿಲ್ಲ. ಎದ್ದು ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟಳು. ಗೌಡರಿಗೆ ಅದು ಹಿತವಾಯಿತು.

“ಆಗಲ್ರಿ ಗೌಡ್ರ. ಆದ್ರ ಯಾರು ಘನವಂತರು ಅಂತ ಆರಿಸೋವಷ್ಟು ದೊಡ್ಡಾಕಿ ನಾನಲ್ಲ. ನೀವ ಹೇಳ್ರಿ, ನಾ ಹಾಕತೀನಿ. ನಿಮ್ಮ ಮನಿಯಿಂದನ ಸುರು ಮಾಡೋಣು.”

“ನಾಡಗೌಡ. ಘನವಂತರೊಳಗ ಹಾಕು.”

“ಹಾಕೀನ್ರಿ. ನಿಮ್ಮವ್ವಾರ ತವರುಮನಿ ಅಡ್ಡಹೆಸರು?”

ಕೋಲು ಕುಟ್ಟುವುದು ನಿಂತಿತು.

“ಉಳ್ಳಾಗಡ್ಡಿ,” ಅಂದರು ಗೌಡರು, ಈರುಳ್ಳಿಯ ಆ ಹೆಸರನ್ನು ಮೆಲ್ಲಗೆ ಉಸುರಿ.

“ಅವರನ್ನ ಯಾವುದರಾಗ ಹಾಕಲ್ರಿ?”

ಗೌಡರು ಕುರ್ಚಿ ಬಿಟ್ಟು ಎದ್ದರು. “ಎರಡು ವರ್ಗ ಬ್ಯಾಡ ತೆಗಿ. ಮೊದಲಿದ್ದಂಗನ ಇರಲಿ,” ಅಂದರು.

ಬಾಗಿಲತನಕ ಹೋದವರು ತಿರುಗಿ ಬಂದರು.

“ಉಳ್ಳಾಗಡ್ಡಿ ಮನೆತನದ್ದು ಒಂದು ಪುಟ ಐತೇನು?”

“ಇನ್ನೂ ಇಲ್ರಿ. ಹೇಳೋರು ಸಿಕ್ಕಿಲ್ಲ.”

ಗೌಡರು ಕೋಲನ್ನು ಗೋಡೆಗೆ ಒರಗಿಸಿ, ಈ ಸಲ ಓದುಗರ ಬೆಂಚಿನ ಮೇಲೆ ಕುಳಿತರು.

“ಹಂಗಾರ ಬರಕೋ ನನ್ನವ್ವಾ. ನಮ್ಮವ್ವನಿಂದನ ಸುರು ಮಾಡು.”