ಚಿಟ್ಟಿ ಕನ್ನಡಕ ತೆಗೆಯಲಿಲ್ಲ

ಲೋಕಕ್ಕೆ ಬಳಿದ ಬಣ್ಣ ಇನ್ನೂ ಒಣಗಿರದಿದ್ದ ಕಾಲ ಅದು.

ಆಕಾಶಕ್ಕೆ ರೆಕ್ಕೆ ತಾಗಿದರೆ ನೀಲಿ ಮೆತ್ತಿಕೊಳ್ಳುತ್ತಿತ್ತು. ಹುಲ್ಲಿನ ಮೇಲೆ ಕೂತು ಎದ್ದರೆ ಹಿಂಭಾಗವೆಲ್ಲ ಹಸಿರು. ಕಾಗೆ ಬೆಳಿಗ್ಗೆ ಕೆಂಪಗಿದ್ದರೆ ಸಂಜೆಗೆ ಹಳದಿಯಾಗಿರುತ್ತಿತ್ತು. ನವಿಲು ದಿನಕ್ಕೊಂದು ಬಣ್ಣದ ಗರಿ ಮಾಡಿಕೊಂಡು ಮೆರೆಯುತ್ತಿತ್ತು. ಯಾರ ಬಣ್ಣವೂ ಯಾರಿಗೂ ಖಾಯಂ ಆಗಿರಲಿಲ್ಲ.

ಮಿಥಿಲಾ, ತಲೆ ಅಲ್ಲಾಡಿಸಬೇಡ ಕಂದಾ, ಜಡೆ ಸೊಟ್ಟಗಾಗುತ್ತದೆ. ಇವತ್ತು ಶಾಲೆಯಲ್ಲಿ ಫೋಟೊ ತೆಗೆಯುತ್ತಾರೆ ಎಂದು ನನಗೆ ಗೊತ್ತು. ನಿನ್ನ ಹೊಸ ಕನ್ನಡಕ ಅಕ್ಕಿ ಡಬ್ಬಿಯೊಳಗೆ ಹೇಗೆ ಹೋಯಿತು ಎಂದು ಈ ಅಜ್ಜಿ ಕೇಳುವುದಿಲ್ಲ. ಎರಡು ಜಡೆ ಹೆಣೆಯುವಷ್ಟರಲ್ಲಿ ಕತೆಯೂ ಮುಗಿಯುತ್ತದೆ. ಸುಮ್ಮನೆ ಕೇಳು.

ಹೊಳೆಯ ದಂಡೆಯ ಹೊಂಗೆ ಮರದಲ್ಲಿ ಒಂದು ಹಕ್ಕಿ ಇತ್ತು. ನಿನ್ನ ಮುಷ್ಟಿಯೊಳಗೆ ಅಡಗುವಷ್ಟು ಪುಟ್ಟದು. ಮೈಯೆಲ್ಲ ಎಲೆಯ ಹಸಿರು, ಕೊರಳು ನಿಂಬೆಹಣ್ಣಿನ ಹಳದಿ. ಎಲ್ಲರೂ ಅವಳನ್ನು ಚಿಟ್ಟಿ ಎಂದು ಕರೆಯುತ್ತಿದ್ದರು.

ಚಿಟ್ಟಿ ಒಳ್ಳೆಯವಳು. ಆದರೆ ಕಣ್ಣು ಮಂಜು. ದಾರಿಯಲ್ಲಿ ಒಣ ಎಲೆ ಸಿಕ್ಕರೆ, “ನಮಸ್ಕಾರ ಅತ್ತೆ, ಊಟ ಆಯ್ತಾ?” ಎಂದು ಕೇಳುತ್ತಿದ್ದಳು. ನಿಜವಾದ ಅತ್ತೆ ಎದುರಿಗೆ ಬಂದರೆ ಒಣ ಎಲೆ ಎಂದುಕೊಂಡು ದಾಟಿಹೋಗುತ್ತಿದ್ದಳು. ಅತ್ತೆಗೆ ಎಷ್ಟು ಸಿಟ್ಟು ಬಂದಿರಬೇಡ!

ಒಂದು ದಿನ ಹೊಳೆಯಮ್ಮ ಸುದ್ದಿ ತಂದಳು. ಮೇಲಿನೂರುಗಳ ಸುದ್ದಿಯನ್ನೆಲ್ಲ ಕೆಳಗಿನವರಿಗೆ ಮುಟ್ಟಿಸುವವಳು ಅವಳೇ ತಾನೆ?

“ಕೇಳ್ರಪ್ಪಾ, ಕೇಳ್ರಮ್ಮಾ! ಮುಂಗಾರಿನ ಗಾಳಿಯಪ್ಪ ಹೊರಟಿದ್ದಾನೆ. ಬಂದವನು ಎಲ್ಲರ ತೊಟ್ಟಿಲನ್ನೂ ತೂಗಿ ನೋಡ್ತಾನೆ. ಆಮೇಲೆ ಜೋರಾಗಿ ಊದಿ ಎಲ್ಲರ ಬಣ್ಣವನ್ನೂ ಒಣಗಿಸ್ತಾನೆ. ಆ ಹೊತ್ತಿಗೆ ಯಾರ ಮೈಮೇಲೆ ಏನಿರುತ್ತೋ ಅದು ಅವರಿಗೂ ಅವರ ಮರಿಗಳಿಗೂ ಶಾಶ್ವತ. ನೋಡ್ಕೊಂಡು ನಿಂತ್ಕೊಳ್ಳಿ!”

ಹಕ್ಕಿಗಳಿಗೆ ತೊಟ್ಟಿಲು ಎಂದರೆ ಗೂಡು. ಬರಿ ತೊಟ್ಟಿಲನ್ನು ತೂಗಬಾರದಲ್ಲ, ನಿನ್ನ ನಾಮಕರಣದಲ್ಲಿ ನಾವೂ ಮೊದಲು ತೊಟ್ಟಿಲಲ್ಲಿ ಗುಂಡುಕಲ್ಲು ಮಲಗಿಸಿದ್ದೆವು. ಹಾಗೆಯೇ ಹಕ್ಕಿಗಳು ಗೂಡಿನೊಳಗೆ ಒಂದು ಪುಟ್ಟ ಗುಂಡುಕಲ್ಲು ಇಡಬೇಕು. ಗಾಳಿಯಪ್ಪ ತೂಗುತ್ತಾನೆ. ಕಲ್ಲು ಒಳಗೇ ಉಳಿದರೆ ಮೊಟ್ಟೆ ಇಡಲು ಅಪ್ಪಣೆ. ಕಲ್ಲು ಬಿದ್ದರೆ ಮರಿಯ ಯೋಗವಿಲ್ಲ, ಅಷ್ಟೇ.

ಚಿಟ್ಟಿಗೆ ಮರಿ ಬೇಕಿತ್ತು. ತುಂಬಾ ಬೇಕಿತ್ತು.

ಅವಳ ಗೂಡು ಕವಲಿಗೆ ತೂಗುಹಾಕುವ ಜೋಳಿಗೆ. ಜೇಡನ ನೂಲಿನಿಂದ ಬಿಗಿಯಬೇಕು. ಆದರೆ ಕಣ್ಣಿಗೆ ಕಾಣದ ನೂಲನ್ನು ಬಿಗಿಯುವುದು ಹೇಗೆ? ಚಿಟ್ಟಿ ಗಂಟು ಹಾಕಿದಳು. ಮರಿಗಾಳಿ ಬೀಸಿತು. ಗೂಡು ಕಳಚಿತು, ಕಲ್ಲು ಹೊಳೆಗೆ ಬಿತ್ತು. ಪುಳಕ್!

ಚಿಟ್ಟಿ ಮತ್ತೆ ಗಂಟು ಹಾಕಿದಳು. ಮತ್ತೆ ಮರಿಗಾಳಿ ಬೀಸಿತು. ಮತ್ತೆ ಪುಳಕ್!

ಇದನ್ನೆಲ್ಲ ನೋಡುತ್ತಿದ್ದವಳು ಜೇಡಜ್ಜಿ. ನೂಲೆಲ್ಲ ಅವಳದೇ.

“ಅಲ್ಲಮ್ಮಾ, ನಾನು ಅಷ್ಟು ಕಷ್ಟಪಟ್ಟು ನೂತ ನೂಲು. ನೀನು ಅದನ್ನ ಗಾಳಿಗೆ ಗಂಟು ಹಾಕ್ತಿದ್ದೀಯಲ್ಲೇ! ಕೊಂಬೆ ಇರೋದು ಈ ಕಡೆ.”

“ಕಾಣಲ್ಲ ಅಜ್ಜಿ,” ಎಂದಳು ಚಿಟ್ಟಿ. ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದ ಮೇಲೆ ಅಳು ಬಂತು.

ಜೇಡಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಹೊಸ ನೂಲು ತೆಗೆದು, ಬೆಳ್ಳಗಿನ ಎರಡು ಬಳೆ ಹೆಣೆದಳು. ಒಂದೊಂದು ಬಳೆಗೆ ಒಂದೊಂದು ಇಬ್ಬನಿ ಹನಿ ಕೂರಿಸಿದಳು. ಚಿಟ್ಟಿಯ ಕೊಕ್ಕಿನ ಮೇಲೆ ಏರಿಸಿ, “ಈಗ ನೋಡು,” ಎಂದಳು.

ಅದೇ ಲೋಕದ ಮೊದಲ ಕನ್ನಡಕ.

ಚಿಟ್ಟಿ ನೋಡಿದಳು. ಎಲೆಯ ಮೇಲೆ ಗೆರೆಗಳಿದ್ದವು! ಇರುವೆಗೆ ಮೀಸೆಯಿತ್ತು! ಅವಳ ಕಾಲಿಗೇ ಬೆರಳುಗಳಿದ್ದವು, ಬೆರಳುಗಳಿಗೆ ಉಗುರಿದ್ದವು! ಇಷ್ಟು ದಿನ ಎಲ್ಲರೂ ಇದನ್ನೆಲ್ಲ ನೋಡುತ್ತಿದ್ದರೂ ತನಗೆ ಒಬ್ಬರೂ ಹೇಳಲಿಲ್ಲವಲ್ಲ ಎಂದು ಅವಳಿಗೆ ಆಶ್ಚರ್ಯ. ಖುಷಿಯಿಂದ ತಲೆಕೆಳಗಾಗಿ ನೇತಾಡಿ ಎಲೆಗಳ ಅಡಿಯನ್ನೂ ಒಂದೊಂದಾಗಿ ನೋಡಿಬಂದಳು.

ಹಾಗೆ ಹಾರುತ್ತಿರುವಾಗ ಎದುರಿಗೆ ಸಿಕ್ಕಿದವನು ಗೊರವಂಕ. ಬಾಯಿ ಬಡುಕ. ಆ ಮರದಲ್ಲಿ ಯಾರು ಏನು ತಿಂದರು, ಯಾರು ಏನು ಉಟ್ಟರು, ಎಲ್ಲ ಅವನಿಗೇ ಬೇಕು.

“ಓಹೋಹೋ! ಬನ್ರೋ, ನೋಡ್ರೋ! ಚಿಟ್ಟಿ ಮುಖದ ಮೇಲೆ ಎರಡು ಬಾವಿ ತೋಡಿಸ್ಕೊಂಡಿದ್ದಾಳೆ! ಏ ನಾಲ್ಕು ಕಣ್ಣಿ! ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ!”

ಮರವೆಲ್ಲ ನಕ್ಕಿತು. ನಕ್ಕವರಲ್ಲಿ ಅರ್ಧ ಜನರಿಗೆ ಯಾಕೆ ನಗುತ್ತಿದ್ದೇವೆ ಎಂದೇ ಗೊತ್ತಿರಲಿಲ್ಲ. ಪಕ್ಕದವರು ನಕ್ಕರು, ಇವರೂ ನಕ್ಕರು. ಲೋಕ ಹೊಸದಾಗಿದ್ದಾಗಲೂ ಈ ಬುದ್ಧಿ ಹಳೆಯದೇ.

ಚಿಟ್ಟಿಯ ಮುಖ ಸಣ್ಣದಾಯಿತು. ಕನ್ನಡಕ ಕಳಚಿದಳು. ಹೊಂಗೆ ಎಲೆಯ ಅಡಿಯಲ್ಲಿ ಬಚ್ಚಿಟ್ಟಳು. ಯಾರೋ ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟ ಹಾಗೆ.

ಏನು, ನಗು ಬಂತಾ? ಬರಲಿ, ಬರಲಿ. ತಲೆ ಮಾತ್ರ ನೆಟ್ಟಗಿಡು.

ಕನ್ನಡಕವಿಲ್ಲದೆ ಚಿಟ್ಟಿ ಮತ್ತೆ ಗೂಡು ಕಟ್ಟಿದಳು. ಈ ಸಲ ಒಂದು ಒಳ್ಳೆಯ ಕವಲು ಸಿಕ್ಕಿತು. ದಪ್ಪಗೆ, ಹಸಿರಾಗಿ, ಸ್ವಲ್ಪ ಬೆಚ್ಚಗೂ ಇತ್ತು. ಎಷ್ಟು ಚಂದದ ಕೊಂಬೆ ಎಂದುಕೊಂಡು ಸುತ್ತಿ ಸುತ್ತಿ ನೂಲು ಬಿಗಿದಳು. ಗೂಡು ನಿಂತಿತು. ಕಲ್ಲು ಇಟ್ಟಳು. ಕಲ್ಲೂ ನಿಂತಿತು.

ಆಗ ಆ ಕೊಂಬೆ ಕೆಮ್ಮಿತು.

“ಅಮ್ಮಾ, ತಪ್ಪು ತಿಳ್ಕೋಬೇಡಿ,” ಎಂದಿತು ಕೊಂಬೆ ಬಹಳ ಮರ್ಯಾದೆಯಿಂದ. “ನಾನು ಗೋಸುಂಬೆ. ನಿದ್ದೆ ಮಾಡ್ತಾ ಇದ್ದೆ. ಈಗ ಊಟಕ್ಕೆ ಹೋಗ್ಬೇಕು. ನಿಮ್ಮ ತೊಟ್ಟಿಲು ನನ್ನ ಬಾಲದಲ್ಲಿದೆ.”

ಗೋಸುಂಬೆ ಒಂದು ಹೆಜ್ಜೆ ಇಟ್ಟ. ತೊಟ್ಟಿಲೂ ಒಂದು ಹೆಜ್ಜೆ ಇಟ್ಟಿತು. ಅವನು ಕೊಂಬೆ ಇಳಿದ. ತೊಟ್ಟಿಲು ಅವನ ಹಿಂದೆಯೇ ಮೆರವಣಿಗೆ ಹೊರಟಿತು. ಕಲ್ಲು ಉರುಳಿ ಹೊಳೆಗೆ, ಪುಳಕ್!

ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತು. ಗೊರವಂಕ ನಕ್ಕು ನಕ್ಕು ಕೊಂಬೆಯಿಂದಲೇ ಕೆಳಗೆ ಬಿದ್ದ.

ಅಷ್ಟರಲ್ಲಿ ಹೊಳೆಯಮ್ಮ ಕೂಗಿದಳು: “ಗಾಳಿಯಪ್ಪ ಪಕ್ಕದ ಗುಡ್ಡಕ್ಕೆ ಬಂದಾಯ್ತು! ನಾಳೆ ನಮ್ಮಲ್ಲಿ!”

ಚಿಟ್ಟಿ ಜೇಡಜ್ಜಿಯ ಹತ್ತಿರ ಹೋದಳು. “ಅಜ್ಜಿ, ಅದನ್ನ ಹಾಕ್ಕೊಂಡ್ರೆ ಗೂಡು ನಿಲ್ಲುತ್ತೆ. ಆದ್ರೆ ಎಲ್ರೂ ನಾಲ್ಕು ಕಣ್ಣಿ ಅಂತಾರೆ,” ಎಂದು ಬಿಕ್ಕಿದಳು.

“ನಾಲ್ಕಾ?” ಎಂದಳು ಜೇಡಜ್ಜಿ. “ನಾಲ್ಕಕ್ಕೇ ಇಷ್ಟು ನಾಚಿಕೆನಾ? ನನ್ನ ಮುಖ ನೋಡು. ಎಣಿಸು.”

ಚಿಟ್ಟಿ ಎಲೆಯ ಅಡಿಯಿಂದ ಕನ್ನಡಕ ತೆಗೆದು ಹಾಕಿಕೊಂಡು ಎಣಿಸಿದಳು. ಎಂಟು! ಜೇಡಜ್ಜಿಗೆ ಎಂಟು ಕಣ್ಣು. ಎಂಟೂ ಮಿನುಗುತ್ತಿದ್ದವು.

“ಎಂಟು ಇಟ್ಕೊಂಡು ನಾನು ಬಲೆಯ ಮಧ್ಯದಲ್ಲಿ ರಾಣಿ ಹಾಗೆ ಕೂತಿಲ್ವಾ? ಹೋಗು, ಹೊಳೇಲಿ ಮುಖ ನೋಡ್ಕೋ. ನಗೋರು ಹೇಳಿದ ಮುಖ ಅಲ್ಲ, ನಿನ್ನ ಮುಖ.”

ಚಿಟ್ಟಿ ಹೊಳೆಯ ಮೇಲೆ ಬಾಗಿದಳು. ಕನ್ನಡಕ ಸಿಕ್ಕ ದಿನದಿಂದ ಅವಳು ಲೋಕವನ್ನೆಲ್ಲ ನೋಡಿದ್ದಳು, ತನ್ನನ್ನು ಮಾತ್ರ ನೋಡಿಕೊಂಡಿರಲಿಲ್ಲ. ನೀರಿನಲ್ಲಿ ಹಸಿರು ಮುಖ. ಕರಿ ಮಣಿಯಂಥ ಎರಡು ಕಣ್ಣು. ಅವುಗಳ ಸುತ್ತ ಬೆಳ್ಳಗಿನ ಬಳೆ.

ಎಡಕ್ಕೆ ತಿರುಗಿದಳು. ಬಲಕ್ಕೆ ತಿರುಗಿದಳು. ಕತ್ತು ಕೊಂಕಿಸಿ ಓರೆಯಾಗಿ ನೋಡಿದಳು.

“ಹೊಳೆಯಮ್ಮಾ, ಹೇಗಿದೆ?”

“ಹೊಸ್ತಿಲಿಗೆ ರಂಗೋಲಿ ಬಿಟ್ಟ ಹಾಗಿದೆ ಕಣೇ. ನೋಡಿದವರಿಗೆ ಒಳಗೆ ಬರೋಣ ಅನ್ನಿಸುತ್ತೆ.”

ಚಿಟ್ಟಿ ಇನ್ನೊಮ್ಮೆ ನೋಡಿಕೊಂಡಳು. ಹೌದು, ಚಂದವಿತ್ತು. ಅವಳಿಗೇ ಇಷ್ಟವಾಯಿತು. ಇನ್ನೊಬ್ಬರು ಒಪ್ಪಲಿ ಎಂದು ಕಾಯುವ ಅಗತ್ಯ ಅಲ್ಲಿಗೆ ಮುಗಿಯಿತು.

ಅವತ್ತು ಸಂಜೆಯವರೆಗೆ ಅವಳು ಗೂಡು ಕಟ್ಟಿದಳು. ಮೊದಲು ಕವಲನ್ನು ಕೊಕ್ಕಿನಿಂದ ತಟ್ಟಿ, “ನೀವು ಕೊಂಬೆ ತಾನೇ?” ಎಂದು ಕೇಳಿಕೊಂಡಳು. ಕೊಂಬೆ ಕೆಮ್ಮಲಿಲ್ಲ. ಆಮೇಲೆ ಒಂದೊಂದೇ ಎಳೆ ಹಿಡಿದು, ಸುತ್ತಿ, ಎಳೆದು, ಬಿಗಿದಳು. ಒಂದು ಗಂಟೂ ಗಾಳಿಗೆ ಬೀಳಲಿಲ್ಲ.

ಮರುದಿನ ಹೊಂಗೆ ಮರ ಮದುವೆಮನೆಯಾಗಿತ್ತು. ಇನ್ನು ಬಣ್ಣ ಬದಲಿಸಲು ಆಗುವುದಿಲ್ಲವಲ್ಲ! ಗಿಳಿ ಹಸಿರಿನಲ್ಲಿ ಮುಳುಗಿ ಬಂದಿತ್ತು. ನವಿಲು ಗರಿಗಳನ್ನು ನೂರು ಸಲ ತಿದ್ದಿಕೊಂಡಿತ್ತು. ಕಾಗೆ ಮಾತ್ರ, “ಕಪ್ಪು ಎಲ್ಲದಕ್ಕೂ ಒಪ್ಪುತ್ತೆ,” ಎಂದು ಬೆಳಿಗ್ಗೆಯೇ ತಯಾರಾಗಿ ಕೂತಿತ್ತು.

ಎಲ್ಲರೂ ಬಂದ ಮೇಲೆ ಚಿಟ್ಟಿ ಬಂದಳು. ಎದೆ ಮುಂದೆ, ಕತ್ತು ಮೇಲೆ. ಮುಖದ ಮೇಲೆ ಕನ್ನಡಕ.

“ಬಂದ್ಲು ನಾಲ್ಕು ಕಣ್ಣಿ!” ಎಂದ ಗೊರವಂಕ.

“ಹೌದಪ್ಪಾ, ನಾಲ್ಕು,” ಎಂದಳು ಚಿಟ್ಟಿ. “ಅದಕ್ಕೇ ನಿನ್ನ ಎಡಗಾಲಿಗೆ ಸಗಣಿ ಮೆತ್ತಿರೋದೂ ಕಾಣ್ತಿದೆ. ಗಾಳಿಯಪ್ಪ ಬರೋ ಮುಂಚೆ ತೊಳ್ಕೋ. ಇಲ್ಲಾಂದ್ರೆ ನಿನಗೂ ನಿನ್ನ ಮರಿಗಳಿಗೂ ಶಾಶ್ವತ.”

ಗೊರವಂಕ ಕಾಲು ನೋಡಿಕೊಂಡ. ಮರವೆಲ್ಲ ನಕ್ಕಿತು. ಈ ಸಲ ಎಲ್ಲರಿಗೂ ಯಾಕೆ ನಗುತ್ತಿದ್ದೇವೆ ಎಂದು ಗೊತ್ತಿತ್ತು. ಅವನು ಹೊಳೆಯ ಕಡೆ ಓಡಿದ.

ಆಗ ಗಾಳಿಯಪ್ಪ ಬಂದ. ದೊಡ್ಡ ಮೀಸೆ, ದೊಡ್ಡ ಹೊಟ್ಟೆ, ಕಾಲಿಟ್ಟಲ್ಲೆಲ್ಲ ಎಲೆ ಹಾರುತ್ತಿತ್ತು. ಒಬ್ಬೊಬ್ಬರ ತೊಟ್ಟಿಲನ್ನೂ ತೂಗಿದ. ಕೊನೆಗೆ ಚಿಟ್ಟಿಯ ಜೋಳಿಗೆಯ ಮುಂದೆ ನಿಂತ.

“ಇಷ್ಟೇ ಇಷ್ಟು ತೊಟ್ಟಿಲಾ?” ಎಂದು ಮೆಲ್ಲಗೆ ಊದಿದ. ಜೋಳಿಗೆ ತೂಗಿತು. ಕಲ್ಲು ಒಳಗೇ ಇತ್ತು.

ಜೋರಾಗಿ ಊದಿದ. ಕೊಂಬೆ ಬಾಗಿತು, ಎಲೆ ಉದುರಿತು, ಪಕ್ಕದ ಕಾಗೆ ಹಾರಿ ಹೋಗಿ ಇನ್ನೊಂದು ಮರದಲ್ಲಿ ಬಿತ್ತು. ಮರವೆಲ್ಲ ಕಿವಿಗೊಟ್ಟು ಕೇಳಿತು. ಪುಳಕ್ ಎನ್ನಲಿಲ್ಲ.

“ಭೇಷ್!” ಎಂದ ಗಾಳಿಯಪ್ಪ. “ಇಂಥ ಗಂಟು ನಾನು ಎಲ್ಲೂ ನೋಡಿಲ್ಲ ಮಗಳೇ. ಮೊಟ್ಟೆ ಇಡು, ಸುಖವಾಗಿರು. ಈಗ ಬಣ್ಣ ಒಣಗಿಸ್ತೀನಿ. ಮುಖದ ಮೇಲಿರೋದನ್ನ ತೆಗೆದಿಡೋದಾದ್ರೆ ಈಗಲೇ ತೆಗಿ. ಆಮೇಲೆ ಅದು ಹೋಗಲ್ಲ.”

ಮರವೆಲ್ಲ ಚಿಟ್ಟಿಯ ಕಡೆ ತಿರುಗಿತು. ಗೂಡು ನಿಂತಾಗಿತ್ತು. ಅಪ್ಪಣೆ ಸಿಕ್ಕಾಗಿತ್ತು. ತೆಗೆದಿಟ್ಟಿದ್ದರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ.

ಚಿಟ್ಟಿ ಕನ್ನಡಕವನ್ನು ಒಂದು ಸಲ ಸರಿಮಾಡಿಕೊಂಡಳು. ಕತ್ತು ಇನ್ನೂ ಸ್ವಲ್ಪ ಮೇಲೆತ್ತಿದಳು.

“ಇದು ನನ್ನ ಮುಖ, ಗಾಳಿಯಪ್ಪ. ಊದು!”

ಗಾಳಿಯಪ್ಪ ಊದಿದ. ಆಕಾಶದ ನೀಲಿ ಒಣಗಿತು, ಹುಲ್ಲಿನ ಹಸಿರು ಒಣಗಿತು, ನವಿಲಿನ ಗರಿ ಒಣಗಿತು. ಚಿಟ್ಟಿಯ ಎರಡು ಇಬ್ಬನಿ ಹನಿಗಳು ಕಣ್ಣೊಳಗೆ ಇಳಿದು ಅಲ್ಲೇ ಹೊಳೆಯತೊಡಗಿದವು. ಬಿಳಿ ಬಳೆಗಳು ಕಣ್ಣಿನ ಸುತ್ತ ಅಚ್ಚೊತ್ತಿದ ಹಾಗೆ ಕೂತವು. ಮರಕ್ಕೆ ಮರವೇ ಕೂಗಿತು: “ಬೆಳ್ಗಣ್ಣಿ! ಬೆಳ್ಗಣ್ಣಿ!” ಅಂದಿನಿಂದ ಅದೇ ಅವಳ ಹೆಸರು.

ಗೊರವಂಕ ಹೊಳೆಯಿಂದ ಓಡಿ ಬಂದಾಗ ಎಲ್ಲರ ಕಣ್ಣೂ ಬೆಳ್ಗಣ್ಣಿಯ ಮೇಲೆ. ಅವನಿಗೂ ಕನ್ನಡಕ ಬೇಕೆನ್ನಿಸಿತು. ಜೇಡಜ್ಜಿಯ ಹತ್ತಿರ ಹೋಗಲು ಹೊತ್ತಿಲ್ಲ, ಹೋಗಲು ಮುಖವೂ ಇಲ್ಲ. ದಂಡೆಯ ಆವರಿಕೆ ಹೂವಿಗೆ ಮುಖ ಒತ್ತಿ ಕಣ್ಣಿನ ಸುತ್ತ ಹಳದಿ ಹುಡಿ ಬಳಿದುಕೊಂಡ. ಹುಲಿಯನ್ನು ನೋಡಿ ನರಿ ಬರೆ ಎಳೆದುಕೊಂಡ ಹಾಗೆ! ಅವಸರದಲ್ಲಿ ಬಳೆ ಬರಲಿಲ್ಲ, ಕಣ್ಣಿನ ಹಿಂದಕ್ಕೆಲ್ಲ ಹರಡಿಹೋಯಿತು. ಅಷ್ಟರಲ್ಲಿ ಗಾಳಿಯಪ್ಪ ಅವನ ಮೇಲೂ ಊದಿ ಮುಗಿಸಿದ. ಎದುರುಮನೆ ಮಹಡಿಯ ಮೇಲೆ ಗೊರವಂಕ ಬಂದಾಗ ನೋಡು, ಆ ಹಳದಿ ಇನ್ನೂ ಹಾಗೇ ಇದೆ.

ಬೆಳ್ಗಣ್ಣಿ ತಿಳಿನೀಲಿ ಮೊಟ್ಟೆಗಳನ್ನಿಟ್ಟಳು. ಮರಿಗಳು ದೊಡ್ಡವಾಗುತ್ತಿದ್ದಂತೆ ಒಂದೊಂದಕ್ಕೂ ಕನ್ನಡಕ ಮೂಡಿತು. ಅವು ತಾಯಿಯ ಮುಂದೆ ಸಾಲಾಗಿ ಕೂತು ಕತ್ತು ಕೊಂಕಿಸಿ ಕೇಳಿದವು: “ಅಮ್ಮಾ, ನಂದು ಚಂದ ಇದೆಯಾ? ನಂದು?”

ಆಯಿತು, ರಿಬ್ಬನ್ ಕೊಡು. ಕತೆಯೂ ಮುಗಿಯಿತು, ಜಡೆಯೂ ಮುಗಿಯಿತು.

ಎಲ್ಲಿ ಅಂತೀಯಾ? ಅಗೋ, ಕಿಟಕಿಯ ಆಚೆ ನುಗ್ಗೆ ಮರದಲ್ಲಿ. ಚೀ ಚೀ ಎನ್ನುತ್ತಿಲ್ಲವೇ, ಒಂದು ದಂಡೇ ಬಂದಿದೆ. ಕಾಣಲ್ವಾ? ಹೇಗೆ ಕಾಣುತ್ತೆ ಕಂದಾ, ಆ ಬಳೆ ಸಾಸಿವೆ ಕಾಳಿನಷ್ಟು. ಬರಿಗಣ್ಣಿಗೆ ನಿನಗೆ ಬರೀ ಹಸಿರು.

ಏ, ನಿಧಾನ! ಅಕ್ಕಿ ಚೆಲ್ಲಬೇಡ! ಒರೆಸಿ ಹಾಕಿಕೋ. ಹಾಂ, ಈಗ?

“ಅಜ್ಜೀ! ಹಾಕ್ಕೊಂಡಿವೆ! ಎಲ್ಲವೂ ಹಾಕ್ಕೊಂಡಿವೆ!”

ನೋಡಿದೆಯಾ? ಹಾಗೇ ಹಾಕಿಕೊಂಡು ನಡಿ, ಫೋಟೊಕ್ಕೆ ಹೊತ್ತಾಯಿತು. ಅವತ್ತು ಚಿಟ್ಟಿ ಕತ್ತೆತ್ತಿ “ಊದು” ಎಂದದ್ದಕ್ಕೇ, ಇವತ್ತಿಗೂ ಯಾವ ಮರದಲ್ಲಿ ಯಾವ ಬೆಳ್ಗಣ್ಣ ಹಕ್ಕಿಯನ್ನು ನೋಡಿದರೂ, ಕನ್ನಡಕ ಹಾಕಿಕೊಂಡೇ, ಕತ್ತು ಮೇಲೆತ್ತಿಕೊಂಡೇ ಕೂತಿರುತ್ತದೆ.