ಅಳಿಸವ್ವನ ಗುಡ್ಡ

ಕಪ್ಪು ಮಣ್ಣಿನ ಹೊಲಗಳು ಮುಗಿದು, ಬರೀ ಜಾಲಿ ಮತ್ತು ಕೆಂಪು ಬಂಡೆಗಳ ಬಯಲು ಶುರುವಾಗುವಲ್ಲಿ, ಡಾಂಬರು ರಸ್ತೆಯ ಬಲಕ್ಕೆ ಒಂದು ಬೋಳುಗುಡ್ಡ ಕಾಣುತ್ತದೆ. ಹಾಳು ಕೋಟೆಗಳನ್ನೂ ಬಂಡೆಚಿತ್ರಗಳನ್ನೂ ನೋಡುತ್ತಾ ಜೀಪಿನಲ್ಲಿ ಬರುವವರು ಇಲ್ಲಿ ಇಳಿದು ಹೆಸರು ಕೇಳುತ್ತಾರೆ. ಅಳಿಸವ್ವನ ಗುಡ್ಡ. ಯಾರನ್ನೋ ಅಳುವಂತೆ ಮಾಡಿದವಳು ಎಂದು ಕೆಲವರು ಅರ್ಥ ಹೇಳುವುದುಂಟು. ಗುಡ್ಡದ ಕೆಳಗಿನ ಊರಿನ ಹಿರಿಯರು ಹೇಳುವುದು ಬೇರೆ.

ಹಿಂದೆ ಒಮ್ಮೆ, ಈ ಬಯಲಿನಲ್ಲಿ ರಸ್ತೆಯೂ ಗುಡ್ಡದ ಕೆಳಗೆ ಊರೂ ಇಲ್ಲದ ಕಾಲದಲ್ಲಿ, ಗಾಳೆವ್ವ ಎಂಬ ಹೆಣ್ಣುಮಗಳು ಬಯಲಿನಾಚೆಯ ಹಳ್ಳಿಯಲ್ಲಿದ್ದಳಂತೆ. ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ಹೋಗುವವರು ನೀರು ಕಾಣದೆ ಬಳಲುವುದನ್ನು ನೋಡಲಾರದೆ, ಅವಳು ಕೆಮ್ಮಣ್ಣು ಅರೆದು ಗುಡ್ಡದ ಬಂಡೆಗಳ ಮೇಲೆ ಜಿಂಕೆಗಳನ್ನು ಬರೆದಳು. ಜಿಂಕೆಯ ಮುಖ ಇದ್ದ ಕಡೆಗೆ ನಡೆದರೆ ಒರತೆ ಸಿಗುತ್ತಿತ್ತು. ಬಯಲು ದಾಟುವವರೆಲ್ಲ ಅವಳ ಹೆಸರು ನೆನೆದೇ ನೀರು ಕುಡಿಯುತ್ತಿದ್ದರು ಎನ್ನುತ್ತಾರೆ.

ಒಂದು ಬೇಸಿಗೆ ಆ ಒರತೆ ಬತ್ತಿತು. ಕುರಿ ಕಾಯುವವನೊಬ್ಬ ಬಂದು ತಿಳಿಸಿದಾಗ ಗಾಳೆವ್ವ ಹಸಿ ಬಾಣಂತಿ. ಈ ಬಿಸಿಲಲ್ಲಿ ಯಾರೂ ಬಯಲು ದಾಟುವುದಿಲ್ಲ, ಮೈ ಸುಧಾರಿಸಿದ ಮೇಲೆ ಹೋಗಿ ಚಿತ್ರ ಅಳಿಸಿದರಾಯಿತು ಎಂದುಕೊಂಡಳು. ಆದರೆ ಅಕ್ಕ ಹೆತ್ತ ಸುದ್ದಿ ಕೇಳಿ ಅವಳ ತಮ್ಮ ಸಣ್ಣೀರ, ಕೂಸಿಗೆಂದು ತೊಟ್ಟಿಲು ಹೊತ್ತುಕೊಂಡು, ಗೆಳೆಯನೊಬ್ಬನ ಜೊತೆ ಹೊರಟುಬಿಟ್ಟಿದ್ದ. ಗುಡ್ಡಕ್ಕೆ ಬರುವಷ್ಟರಲ್ಲಿ ತಂದ ನೀರು ಮುಗಿದಿತ್ತು. ಒರತೆಯ ಕಡೆ ಒಂದು ಹಕ್ಕಿಯೂ ಹಾರುತ್ತಿಲ್ಲ, ಬರುವ ದಾರಿಯಲ್ಲಿ ಕಂಡ ಕೆಸರುಗುಂಡಿಗೇ ಮರಳೋಣ ಎಂದು ಗೆಳೆಯ ಕೈಹಿಡಿದು ಎಳೆದ. ಸಣ್ಣೀರ ಕೇಳಲಿಲ್ಲ. ಕೆಸರುಗುಂಡಿಗೆ ಮರಳಿದ ಗೆಳೆಯ ಬದುಕಿ ಉಳಿದ.

ಒಣಗಿದ ಒರತೆಯ ಬಾಯಲ್ಲಿ, ತೊಟ್ಟಿಲ ಪಕ್ಕದಲ್ಲಿ ಸಣ್ಣೀರನ ಹೆಣ ಸಿಕ್ಕಿತು. ಕೊನೆಗೆ ಏನಾದರೂ ಅಂದನೇ ಎಂದು ಗಾಳೆವ್ವ ಆ ಗೆಳೆಯನನ್ನು ಕೇಳಿದಳು.

"ನಮ್ಮಕ್ಕ ಬರದದ್ದು ಸುಳ್ಳಾಗಂಗಿಲ್ಲ ಅಂದ, ಯಕ್ಕಾ."

ಅವಳು ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಗುಡ್ಡ ಹತ್ತಿದಳು. ಕಲ್ಲು ಹಿಡಿದು ಒಂದೊಂದೇ ಜಿಂಕೆಯ ಮುಖವನ್ನು ಉಜ್ಜಿ ತೆಗೆದಳು. ಬೆರಳು ಒಡೆದು ರಕ್ತ ಬಂದರೂ ನಿಲ್ಲಿಸಲಿಲ್ಲ. ಮಳೆಗಾಲದಲ್ಲಿ ಒರತೆ ಮತ್ತೆ ತುಂಬಿತು. ತಿರುಗಿ ಬರೆಯವ್ವ ಎಂದು ಊರವರು ಎಷ್ಟು ಬೇಡಿಕೊಂಡರೂ ಅವಳು ಕೆಮ್ಮಣ್ಣು ಮುಟ್ಟಲಿಲ್ಲ. ಕೂಸು ಮಾತ್ರ ಸೋದರಮಾವ ತಂದ ತೊಟ್ಟಿಲಲ್ಲೇ ಬೆಳೆಯಿತಂತೆ. ಗಾಳೆವ್ವ ಜನರ ಬಾಯಲ್ಲಿ ಅಳಿಸವ್ವನಾದಳು.

ಇಂದಿಗೂ ಬಂಡೆಗಳ ಮೇಲೆ ಜಿಂಕೆಗಳ ಕೆಂಪು ಮೈ, ಸಪೂರ ಕಾಲುಗಳು ಮಾಸದೆ ಉಳಿದಿವೆ; ಕೊರಳಿನಿಂದ ಮೇಲೆ ಬಿಳಿಚಿದ ಕಲ್ಲು. ಫೋಟೋ ತೆಗೆದು ಕೆಳಗಿಳಿದವರು ಕುಡಿಯುವ ನೀರು ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ಆ ಊರಿನವರು ಕೈ ತೋರಿಸುವುದಿಲ್ಲ. ಮಾಡುತ್ತಿದ್ದ ಕೆಲಸ ಬಿಟ್ಟು ಎದ್ದು, ನೀರಿನವರೆಗೂ ಜೊತೆಗೆ ನಡೆದು ಬರುತ್ತಾರೆ.