ರೋಹಿಣಿ ಪಾಲಿನ ಗಂಟು

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಹಾಲುಹಲ್ಲು ಬಂದಿರದ ಕಾಲ ಅನ್ಕೋ, ಕಲ್ಲುಗುಡ್ಡದ ಕೆಳಗೆ ಕಪ್ಪುಮಣ್ಣಿನ ಒಂದು ಊರಿತ್ತಂತೆ. ಚೆನ್ನೀ, ಕಂಬಳಿ ಎಲ್ಲಾ ನೀನೇ ಎಳ್ಕೊಂಡ್ರೆ ಕತೆ ಹೇಳೋಳಿಗೆ ಚಳಿಯಾಗಲ್ವೇನೇ? ಹ್ಞಾ, ಹಂಗೆ. ಆ ಊರಲ್ಲಿ ಮಳೆಗಳಂದ್ರೆ ಹೆಣ್ಮಕ್ಕಳಂತೆ. ಇಪ್ಪತ್ತೇಳು ಜನ ಅಕ್ಕತಂಗೀರು. ಎಲ್ಲರ ಹೆಸರು ಹೇಳ್ತಾ ಕೂತ್ರೆ ಇಲ್ಲೇ ಬೆಳಗಾಗುತ್ತೆ. ಒಬ್ಬೊಬ್ಬಳಿಗೂ ವರ್ಷಕ್ಕೊಮ್ಮೆ ಹದಿಮೂರು ಹದಿನಾಲ್ಕು ದಿನ ತವರಿಗೆ ಬರೋ ಸರದಿ, ಆ ಊರೇ ಅವರ ತವರು.

ಅವರಲ್ಲಿ ರೋಹಿಣಿ ಮುದ್ದಿನ ಮಗಳು. ಅವಳು ಬಂದ ದಿನ, ಊರಿಗೆಲ್ಲ ಹಿರಿಯಳಾದ ಕೆಂಚವ್ವ ಮೊರದಲ್ಲಿ ಬಿತ್ತನೆ ಜೋಳ, ಅರಿಶಿನದ ಕೊಂಬು, ಎಲೆ ಅಡಿಕೆ ಇಟ್ಕೊಂಡು ಹೊಲಕ್ಕೆ ಹೋಗಿ, ನೆನೆದ ಮಣ್ಣಿಗೆ ಮೂರು ಹಿಡಿ ಜೋಳ ಸುರಿದು ಮಗಳಿಗೆ ಮಡಿಲು ತುಂಬ್ತಿದ್ಲಂತೆ. ಆಮೇಲೇನೇ ಊರವರು ಕೂರಿಗೆ ಹೂಡಿ ಬಿತ್ತೋದು. ಅದಾಗದೆ ಯಾರೂ ಒಂದು ಕಾಳನ್ನೂ ನೆಲಕ್ಕೆ ಹಾಕ್ತಿರಲಿಲ್ಲ. ಕೆಂಚವ್ವನ ತಾಯಿ ಸಾಯೋವಾಗ ಕೈ ಹಿಡ್ಕೊಂಡು, ರೋಹಿಣಿ ಪಾಲು ಬೇರೆ ಯಾರಿಗೂ ಕೊಡಬೇಡ ಮಗಳೇ ಅಂತ ಮಾತು ತಗೊಂಡಿದ್ಲಂತೆ.

ಒಂದು ವರ್ಷ ಏನಾಯ್ತು, ರೋಹಿಣಿ ಬರಲೇ ಇಲ್ಲ. ಕೆಂಚವ್ವ ದಿನಾ ಅಂಗಳ ಸಾರಿಸಿ ರಂಗೋಲಿ ಹಾಕಿ, ಕಣ್ಣಿಗೆ ಕೈ ಅಡ್ಡ ಹಿಡಿದು ಮುಗಿಲು ನೋಡೋಳು, ಮತ್ತೆ ಮೊರ ಒಳಗಿಡೋಳು. ಹದಿನಾಲ್ಕು ದಿನ ಹಂಗೇ ಹೋಯ್ತು. ಆಮೇಲೆ ಒಂದು ಮಧ್ಯಾಹ್ನ ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಿದ್ಲಂತೆ, ಸೀರೆ ಸೆರಗಿಂದ ತೊಟತೊಟ ನೀರು. ಅವ್ವಾ, ನಾನು ಮೃಗಶಿರೆ, ಅಕ್ಕ ಬರಲಿಲ್ಲ, ನನಗಾದ್ರೂ ಮಡಿಲು ತುಂಬ್ತೀಯಾ ಅಂದ್ಲಂತೆ. ಕೆಂಚವ್ವ, ಇದು ರೋಹಿಣಿ ಪಾಲು ಕಣವ್ವ, ಬೇಕಾದ್ರೆ ಮಜ್ಜಿಗೆ ಕುಡಿದು ಹೋಗು ಅಂದ್ಲು. ಹುಡುಗಿ ಮಜ್ಜಿಗೆಯನ್ನೂ ಮುಟ್ಟದೆ ಹೋದ್ಲಂತೆ.

ಆಮೇಲೆ ಆರಿದ್ರೆ ಬಂದ್ಲು, ಕಂಕುಳಲ್ಲಿ ಕೂಸು ಬೇರೆ. ಅವಳಿಗೂ ಅದೇ ಮಾತು. ಕೆಂಚವ್ವನ ಮಗ ಬೋರಯ್ಯ, ಅವ್ವಾ, ನೆಲ ಹದವಾಗಿದೆ, ಕೈ ಮುಗೀತೀನಿ, ಇವಳಿಗೇ ತುಂಬಿಬಿಡು, ಬಿತ್ಕೋತೀವಿ ಅಂತ ಗೋಗರೆದ್ನಂತೆ. ಕೆಂಚವ್ವ ಜಪ್ಪಯ್ಯ ಅಂದ್ರೂ ಕೇಳಲಿಲ್ಲ. ಕೆಟ್ಟವಳೇನಲ್ಲ ಪಾಪ, ತಾಯಿಗೆ ಕೊಟ್ಟ ಮಾತು ಕಟ್ಟಿಹಾಕಿತ್ತು.

ಹೋದ ಇಬ್ಬರೂ ಸುಮ್ನಿದ್ದಾರಾ? ಆ ಮನೆಗೆ ರೋಹಿಣಿ ಒಬ್ಬಳೇ ಮಗಳು, ನಾವೆಲ್ಲ ಯಾರೋ, ಅಂತ ತಂಗೀರಿಗೆಲ್ಲ ಹೇಳಿದ್ರಂತೆ. ಆಮೇಲೆ ಬರಬೇಕಾದ ತಂಗೀರು ಗುಡ್ಡದ ಆಚೆಯಿಂದಲೇ ಹಾದು ಹೋದ್ರು. ಇತ್ತ ಊರಲ್ಲಿ ಉಣ್ಣೋ ಕಾಳು ಮುಗೀತು, ಜನ ಸೊಪ್ಪು ಬೇಯಿಸ್ಕೊಂಡು ತಿಂದ್ರು. ಕೊನೆಗೆ ಊರು ಬಿಡೋಣ ಅಂತ ಗಾಡಿಗೆ ಸಾಮಾನು ಹೇರೋಕೆ ಶುರು ಮಾಡಿದ್ರಂತೆ. ನನ್ನ ಹಟಕ್ಕೆ ಊರೇ ಖಾಲಿಯಾಗ್ತಿದೆಯಲ್ಲಾ ಅಂತ ಕೆಂಚವ್ವ ಒಳಗೆ ಹೋಗಿ ಮೊರದ ಮುಂದೆ ಕೂತ್ಲಂತೆ.

ಆವಾಗ ಜಗಲಿ ಮೇಲೆ ಯಾರೋ ಬಿಕ್ಕೋ ಸದ್ದು. ಹೋಗಿ ನೋಡಿದ್ರೆ ಕೆದರಿದ ತಲೆಯ ಬಡಕಲು ಹುಡುಗಿ. ಯಾರವ್ವಾ ನೀನು ಅಂದ್ರೆ, ನಾನು ಹುಬ್ಬೆ, ಏನೂ ಕೇಳೋಕೆ ಬಂದಿಲ್ಲ, ಕಾಲು ನೋವು, ಒಂಚೂರು ಕೂತು ಹೋಗ್ತೀನಿ ಅಂದ್ಲಂತೆ. ಮತ್ತೆ ಅಳೋದ್ಯಾಕೆ ಅಂದ್ರೆ, ಪ್ರತಿ ವರ್ಷ ನಾನು ಬರೋ ಹೊತ್ತಿಗೆ ನಿಮ್ಮ ಪೈರು ನಿಂತಿರುತ್ತೆ, ತೆನೆ ಕೊಳೆಸೋಕೆ ಬಂದ್ಲು ಅಂತ ಬೈತೀರಿ, ಹುಟ್ಟಿದಾಗಿಂದ ಈ ತವರಲ್ಲಿ ಬಾ ಅಂದವರಿಲ್ಲ ಅಂದ್ಲಂತೆ.

ಕೆಂಚವ್ವನ ಕರುಳು ಚುರುಕ್ ಅಂತು ಕಣೇ ಚೆನ್ನಿ. ಹುಡುಗೀನ ಒಳಗೆ ಕರ್ಕೊಂಡು, ಸೆರಗಿಂದ ತಲೆ ಒರೆಸಿ, ನಿಮ್ಮಕ್ಕ ರೋಹಿಣಿಗೆ ನನ್ನ ಮೇಲೆ ಸಿಟ್ಟಾ ಅಂತ ಕೇಳಿದ್ಲು. ಅದಕ್ಕೆ ಹುಬ್ಬೆ, ಸಿಟ್ಟಿಲ್ಲವ್ವಾ, ಅಕ್ಕ ಹೊರಟಿದ್ಲು, ಮೊದಲು ದಾರೀಲಿ ಕಾಡಿನ ನೆರಳಿತ್ತು, ಕೂತು ಸುಧಾರಿಸ್ಕೊಂಡು ಬರ್ತಿದ್ಲು, ಈಗ ಬರೀ ಕಾದ ಗಾಳಿ, ಅರ್ಧ ದಾರೀಲೇ ಸುಸ್ತಾಗಿ ಬಿದ್ದಳು, ಇನ್ಮೇಲೆ ಒಂದು ವರ್ಷ ಬಂದಾಳು, ಒಂದು ವರ್ಷ ಬಾರಳು ಅಂದ್ಲಂತೆ.

ಕೆಂಚವ್ವ ಎದ್ದು ಜೋಳದ ಮೊರಕ್ಕೆ ಕೈ ಹಾಕಿದ್ಲು. ಹುಬ್ಬೆ ಕೈ ಹಿಡಿದು ತಡೆದ್ಲು. ಅಕ್ಕನ ಜೋಳ ಬೇಡವ್ವಾ, ಈಗ ಬಿತ್ತಿದ್ರೆ ನನ್ನ ಕೈಲಿ ತೆನೆಯಾಗಲ್ಲ, ನನಗೆ ಹುರುಳಿ ಸಾಕು ಅಂದ್ಲಂತೆ. ಮನೆಯೆಲ್ಲ ತಡಕಿದ್ರೆ ಹಳೇ ಗಡಿಗೇಲಿ ಮೂರೇ ಮೂರು ಹಿಡಿ ಹುರುಳಿ. ಕೆಂಚವ್ವ ಅದನ್ನೇ ಅವಳ ಮಡಿಲಿಗೆ ಸುರಿದು, ಹಣೆಗೆ ಕುಂಕುಮ ಇಟ್ಟು, ಹೋಗಿ ಬಾ ಮಗಳೇ ಅಂದ್ಲು. ಮಗಳೇ ಅಂದಿದ್ದೇ ತಡ, ಹುಡುಗಿ ನಗ್ತಾ ಅಳ್ತಾ ಹೊಲಕ್ಕೆ ಓಡಿದ್ಲು ನೋಡು, ಮೂರು ದಿನ ಮಳೆ ಬಿಡದೆ ಸುರೀತಂತೆ! ಊರವರು ಗಾಡಿಯಿಂದ ಸಾಮಾನು ಇಳಿಸಿ, ಮನೆಮನೆ ಗಡಿಗೆ ಬಗ್ಗಿಸಿ ಸಿಕ್ಕಷ್ಟು ಹುರುಳಿ ಬಿತ್ತಿದ್ರು. ಆ ವರ್ಷ ಎಲ್ಲರ ಮನೇಲೂ ಹುರುಳಿ ಸಾರು, ಹುರುಳಿ ಉಸಲಿ. ನೀನಾಗಿದ್ರೆ ಮೂಗು ಮುರೀತಿದ್ದೆ.

ಆಮೇಲೆ ಕೆಂಚವ್ವ ಒಬ್ಬೊಬ್ಬ ಮಗಳ ಹೆಸರಲ್ಲೂ ಒಂದೊಂದು ಕಾಳಿನ ಗಂಟು ಕಟ್ಟಿ ತೊಲೆಗೆ ನೇತುಹಾಕಿದ್ಲಂತೆ. ಮೃಗಶಿರೆಗೆ ತೊಗರಿ, ಆರಿದ್ರೆಗೆ ರಾಗಿ, ಹುಬ್ಬೆಗೆ ಹುರುಳಿ. ತೊಲೆ ಸಾಲದೆ ಹೋದಾಗ ಮನೆಗಿಬ್ಬರು ಮಳೆ ಹೆಣ್ಮಕ್ಕಳ ಗಂಟು ಅಂತ ಊರೆಲ್ಲ ಹಂಚ್ಕೊಂಡ್ರು. ಯಾವ ಮಗಳು ಬಂದ್ರೂ ಅವಳ ಗಂಟು ಬಿಚ್ಚೋದು, ಮಡಿಲು ತುಂಬೋದು, ಬಿತ್ತೋದು.

ನಾಲ್ಕನೇ ವರ್ಷ ಒಂದು ದಿನ ಕೆಂಚವ್ವ ಬಾಗಿಲು ತೆಗೆದ್ರೆ, ಅಂಗಳದ ಅಂಚಲ್ಲಿ ಒಬ್ಬಳು ತಲೆ ತಗ್ಗಿಸಿ ನಿಂತಿದ್ಲಂತೆ, ಒಳಗೆ ಬರೋಕೆ ಅಳುಕು. ಯಾರು ಹೇಳು? ರೋಹಿಣಿ! ಸೊರಗಿ ಅರ್ಧ ಆಗಿದ್ಲಂತೆ. ಇಷ್ಟು ವರ್ಷ ಬರಲಿಲ್ಲವ್ವಾ, ನನ್ನ ಪಾಲು ತಂಗೀರಿಗೆ ಹೋಗಿರುತ್ತೆ, ನಿನ್ನ ಮುಖ ನೋಡಿ ಹೋಗೋಣ ಅಂತ ಬಂದೆ ಅಂದ್ಲು. ಕೆಂಚವ್ವ ತೊಲೆಯಿಂದ ಒಂದು ಗಂಟು ಇಳಿಸಿದ್ಲಂತೆ. ಹೊಸಾ ಬಟ್ಟೆ, ಒಳಗೆ ಹೊಸಾ ಜೋಳ. ನೀನು ಬರದ ವರ್ಷಾನೂ ಹುರುಳಿ ಕೊಟ್ಟು ಪಕ್ಕದೂರಿಂದ ಜೋಳ ತಂದು ಗಂಟು ಬದಲಾಯಿಸಿದೀನಿ, ನಿನ್ನ ಪಾಲು ಎಲ್ಲಿಗೆ ಹೋಗುತ್ತೆ ಹುಚ್ಚಿ, ಬಾ ಒಳಗೆ ಅಂದ್ಲಂತೆ. ರೋಹಿಣಿ ಅವ್ವನ ತೋಳಲ್ಲಿ ಮುಖ ಮುಚ್ಕೊಂಡು ಅತ್ತಳಂತೆ, ಹೊರಗೆ ಹೊಲವೆಲ್ಲ ನೆನೀತಂತೆ.

ಎಚ್ಚರ ಇದೀಯಾ ಚೆನ್ನಿ? ಇಲ್ಲ. ಸರಿ, ಗಂಟು ತೊಲೆಗೆ, ಕೂಸು ನಿದ್ದೆಗೆ, ನನ್ನ ಕತೆ ಮುಗೀತು.